ಸೋರುವ ಅಕ್ಷರ

ಹನಿ ಬೀಳುವುದು ನನ್ನ ಹಣೆಗೆ,
ತೂತು ಇರುವುದು ಬೇರೆಲ್ಲೋ.
ತಗಡಿನ ಒಳಬೆನ್ನು ಹಿಡಿದು ನೀರು
ಮೊಳದುದ್ದ ತೆವಳಿ ಬಂದು
ಆಮೇಲೆ ಬೀಳುತ್ತದೆ, ಏನೂ ಅರಿಯದ ಹಾಗೆ.

ಬಂದ್ಯೋಡಿನ ಪೆಟ್ರೋಲ್ ಬಂಕಿನ ಪಕ್ಕ, ರಾತ್ರಿ ಎರಡು.
ಪಿಕಪ್ಪಿನ ಬೆನ್ನಿಗೆ ಕೂರಿಸಿದ ಪೆಟ್ಟಿಗೆಯೊಳಗೆ
ನಾನು, ಕುಞ್ಞಂಬು, ಹತ್ತಿ ಹಿಂಜುವ ಯಂತ್ರ,
ಪೈವಳಿಕೆಯ ಯಾರದೋ ಮದುವೆಗೆ
ಹೊಲಿದಿಟ್ಟ ಎರಡು ಹಾಸಿಗೆ.
ಒದ್ದೆ ಹತ್ತಿ ಹೆಣಭಾರ.

ಮೇಣ ಮೆತ್ತಿದ್ದಾಯಿತು,
ಸೈಕಲ್ ಟ್ಯೂಬು ಕತ್ತರಿಸಿ ಅಂಟಿಸಿದ್ದಾಯಿತು.
ಅಲ್ಲಿ ನಿಂತರೆ ಇಲ್ಲಿ.

ಬೆಳಿಗ್ಗೆ ಮಳೆ ಉಸಿರು ಬಿಟ್ಟ ಗಳಿಗೆ
ಬಾಗಿಲು ಹಾಕಿ ಕತ್ತಲಲ್ಲಿ ಕೂತೆ.
ಅವನು ಮೇಲೇರಿ ಚೊಂಬಿನಲ್ಲಿ ಹೊಯ್ದ,
ಗೇಣು ಗೇಣು ಸರಿಯುತ್ತ.
ಬಂತಾ?
ಇಲ್ಲ.
ಈಗ?
ಇಲ್ಲ ಮಾರಾಯ.
ಈಗ?
ಬಂತು!

ಬೋರ್ಡಿನ ಕಾಲಿನ ಸ್ಕ್ರೂ.
ಮಲಯಾಳದ್ದು ಗಟ್ಟಿ ಕೂತಿದೆ;
ಅದರ ಪಕ್ಕ, ಕನ್ನಡದಲ್ಲೂ ಇರಲೆಂದು
ನಾನೇ ಹಟ ಹಿಡಿದು ಕೊರೆಸಿದ ತೂತು:
'ಹಾಸಿಗೆ ಹೊಲಿದು ಕೊಡುತ್ತೇವೆ.'
ಮೇಲಿಂದ ನಗುತ್ತಾನೆ,
ನಿನ್ನ ಅಕ್ಷರವೇ ನೋಡು ಸೋರುವುದು.
ಕೀಳಲಾ?

ವಾಷರ್ ತಾ, ಎಂದೆ.
ಉಪ್ಪಳದ ಅಂಗಡಿ ತೆರೆಯುವುದು ಒಂಬತ್ತಕ್ಕೆ.
ಮತ್ತೆ ಹನಿಯತೊಡಗಿದೆ.
ಅಲ್ಲಿಯವರೆಗೆ
ಒಳಗಿನಿಂದ ನನ್ನ ಹೆಬ್ಬೆರಳು.