ಒರಟುತನದ ಗುಣಾಂಕ

ಇಬ್ರಿಯಿಂದ ನಲವತ್ತು ಕಿಲೋಮೀಟರು. ಡಾಂಬರು ಮುಗಿದು
ಜಲ್ಲಿ ಶುರುವಾದಲ್ಲಿ ಗಾಡಿ ನಿಲ್ಲಿಸಿ ಮುಫಜ್ಜಲ್ ಹೇಳಿದ,
"ಇದೇ ನದಿ, ಮೇಡಂ."
ಹನಿ ನೀರಿಲ್ಲ. ಬಿಳಿ ಗುಂಡುಕಲ್ಲು, ಮೇಕೆಯ ಹಿಕ್ಕೆ,
ಒಂದು ಚಪ್ಪಲಿ, ಎಡಗಾಲಿನದು.

ನನ್ನ ಪರದೆಯ ಮೇಲೆ ಮಾತ್ರ ಅದು ನೀಲಿ.
ಆ ನೀಲಿಯೂ ನಾನೇ ಆರಿಸಿದ್ದು.
ಹೆಸರು: ರೀಚ್ ನಾಲ್ಕು.
ಒರತೆ, ಝರಿ, ಹಳ್ಳ, ಕೊಳ್ಳ, ಹೊಳೆ ಎಂದು
ನೀರು ನಡೆದಂತೆಲ್ಲ ಹೆಸರು ಬದಲಿಸುವ ಮಾತಿನವಳು ನಾನು;
ತಂತ್ರಾಂಶಕ್ಕೆ ಅಷ್ಟು ವ್ಯವಧಾನವಿಲ್ಲ.

ಇಳಿಜಾರು ಎಷ್ಟು, ಮಳೆ ಎಷ್ಟು,
ಈ ನೆಲ ಎಷ್ಟು ಕುಡಿದು ಎಷ್ಟು ಉಗುಳುತ್ತದೆ?
ನೂರಕ್ಕೆ ಎಂಬತ್ತೆಂಟು ಎಂದು ತುಂಬಿದೆ.
ಬಂಡೆಗೆ ಬಾಯಾರಿಕೆ ಕಡಿಮೆ.
ಕೊನೆಗೆ ಕೇಳಿತು, ಒರಟುತನದ ಗುಣಾಂಕ.
ಕೋಷ್ಟಕ ನೋಡಿ ಒಂದು ಪುಟ್ಟ ದಶಾಂಶ ಕೊಟ್ಟೆ, ಗುಂಡಿ ಒತ್ತಿದೆ.
ನೂರು ವರ್ಷಕ್ಕೊಮ್ಮೆಯ ನೆರೆ
ಹನ್ನೊಂದು ಸೆಕೆಂಡಿನಲ್ಲಿ ಬಂದು ಹೋಯಿತು.
ಒಂದು ಮೇಕೆಯೂ ಒದ್ದೆಯಾಗಲಿಲ್ಲ.
ಎರಡು ಮೀಟರು ಹತ್ತು. ಫಲಜಿನ ಬಾಯಿ ಕಾಯಲು
ಮೂರರ ಒಡ್ಡು ಸಾಕೇ ಸಾಕು.

ಸುವೈದ್ ಬಿನ್ ಖಲ್ಫಾನ್, ಫಲಜಿನ ಪಾಲು ಹಂಚುವವನು,
ಹಗಲಿಗೆ ನೆರಳುಗೋಲು, ಇರುಳಿಗೆ ಚುಕ್ಕಿ ನೋಡಿ
ನೀರು ತಿರುಗಿಸಿದವನು (ಈಗ ಕೈಗಡಿಯಾರವಿದೆ),
ಖರ್ಜೂರ ಕೊಟ್ಟ, ಕಹ್ವಾ ಕೊಟ್ಟ, ಪರದೆ ನೋಡಿದ.
ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.
ಕೋಲೆತ್ತಿ ಸಿದ್ರ್ ಮರ ತೋರಿಸಿದ, ನಮ್ಮ ಬಾರೆಯ ಅಕ್ಕನಂಥದ್ದು.
ಕವಲಿನಲ್ಲಿ, ನನ್ನ ತಲೆಗಿಂತ ಎಷ್ಟೋ ಮೇಲೆ,
ತೊಗಲ ಬಾನಿಯ ಕಬ್ಬಿಣದ ಬಳೆ;
ತೊಗಟೆ ಅದನ್ನು ಅರ್ಧ ನುಂಗಿತ್ತು.
"ನಾನಿಟ್ಟದ್ದಲ್ಲ. ನೀರು ಇಟ್ಟದ್ದು.
ನನ್ನ ತಮ್ಮ ಹುಟ್ಟಿದ ವರ್ಷ."
ಮುಫಜ್ಜಲ್ ಮರ ಹತ್ತಿ ಟೇಪು ಇಳಿಬಿಟ್ಟ.
ಮೂರು ಮೀಟರು ನಲವತ್ತು.

ರಾತ್ರಿ, ಕೆಮ್ಮುವ ಏ.ಸಿ. ಕೆಳಗೆ,
ಅಂಗಾಲು ನೆನಪಿಟ್ಟುಕೊಂಡ ಒಂದೊಂದೇ ಕಲ್ಲನ್ನು
ದಶಾಂಶಕ್ಕೆ ಸೇರಿಸಿದೆ. ಒರಟಾಯಿತು ಹಾದಿ, ನಿಧಾನಿಸಿತು ನೀರು,
ಎರಡು ಅರವತ್ತಕ್ಕೆ ಏರಿ ನಿಂತಿತು.
ಇನ್ನೂ ಎಂಬತ್ತು ಸೆಂಟಿಮೀಟರು,
ಅಂಬೆಗಾಲು ಬಿಟ್ಟು ಈಗಷ್ಟೇ ಎದ್ದು ನಿಂತ ಕೂಸಿನಷ್ಟು.

ಬೆಳಿಗ್ಗೆ ಕೇಳಿದೆ.
"ದೊಡ್ಡ ವಾದಿ ಮೊದಲು ಬರುವುದು, ಚಿಕ್ಕದು ಆಮೇಲೆ, ಯಾವಾಗಲೂ.
ಆ ರಾತ್ರಿ ಮೋಡ ಹಿಂದಿನಿಂದ ಬಂತು.
ಒಂದೇ ಬಾಗಿಲಲ್ಲಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನುಗ್ಗಿದರು."
ನನ್ನ ಮಳೆಯೋ, ಸರಕಾರಿ ಮಳೆ:
ಎಲ್ಲ ಕಡೆ ಒಂದೇ ಹೊತ್ತಿಗೆ, ಒಂದೇ ಅಳತೆಗೆ.
ಮೋಡವನ್ನು ಚಿಕ್ಕ ಕೊಳ್ಳದ ಮೇಲೆ ನಲವತ್ತು ನಿಮಿಷ ಮೊದಲೇ ತಂದು ನಿಲ್ಲಿಸಿದೆ.
ರೇಖೆಯ ಎರಡು ಗುಡ್ಡ ಒಂದರ ಮೇಲೊಂದು ಹತ್ತಿದವು.
ಮೂರು ಮೂವತ್ತು.

ಖುಷಿಗೆ ಬೀದರಿನ ಮಾತು ತೆಗೆದೆ.
ನೌಬಾದಿನಲ್ಲೂ ನೆಲದಡಿ ಇಂಥದೇ ಸುರಂಗ ಕಾಲುವೆ,
ಕಿಂಡಿಯೊಳಗೆ ಕಲ್ಲೆಸೆದು ಹುಡುಗಿಯರು ಎಣಿಸುತ್ತಿದ್ದೆವು,
ಒಂದು, ಎರಡು, ಮೂ... ಡುಬುಕ್.
ನಾನು ಕಲಿತ ಮೊದಲ ಜಲವಿಜ್ಞಾನ ಅದೇ ಅಂದೆ.
"ಅಲ್ಲಿ ಪಾಲು ಹಂಚುವವರು ಯಾರು?" ಕೇಳಿದ ಸುವೈದ್.
ನನಗೆ ಗೊತ್ತಿರಲಿಲ್ಲ.

ಉಳಿದ ಹತ್ತು ಸೆಂಟಿಮೀಟರು ಅಲೆಯಿರಬಹುದು, ನನ್ನ ತಪ್ಪಿರಬಹುದು,
ಬಳೆಯ ಹಟವಿರಬಹುದು. ಒಡ್ಡು ನಾಲ್ಕು ಮೀಟರು ಎಂದು ಬರೆದೆ.
ಒಂದು ಕಲಮು ಖಾಲಿಯಿತ್ತು: ಮಾಪನ ಕೇಂದ್ರ.
ಸುವೈದ್, ಸಿದ್ರ್ ಮರ, ಎಂದು ತುಂಬಿದೆ.
ಕೆಂಪಗೆ ಮಿನುಗಿತು: ಅಂಕಿ ಮಾತ್ರ.

ಅಷ್ಟರಲ್ಲಿ ಅವನು ಗಡಿಯಾರ ನೋಡಿ ಎದ್ದ.
ಬಟ್ಟೆ ಸುತ್ತಿದ ಕಲ್ಲನ್ನು ಕಾಲಿನಿಂದ ಸರಿಸಿ
ಯಾರದೋ ಪಾಲು ನಿಲ್ಲಿಸಿ, ಯಾರದೋ ಪಾಲು ಬಿಟ್ಟ.