ಚಿಲ್ಲರೆ

ಎರಡು ಗಂಟೆ ಮೂವತ್ತೊಂದು ನಿಮಿಷ.
ಬರೆದುಕೊಂಡ ಹುಡುಗ ತಲೆ ಎತ್ತಲಿಲ್ಲ.
ನಾನು ಅಂದುಕೊಂಡಿದ್ದು ಎರಡು ಹತ್ತು.
ಕೊರತೆ, ಇಪ್ಪತ್ತೊಂದು ನಿಮಿಷ.
ಡಿಪೋದಲ್ಲಾದರೆ ಕೈಯಿಂದ ಕಟ್ಟಿ
ವೇಬಿಲ್ಲಿಗೆ ಸಹಿ ಹಾಕಿ ಮನೆಗೆ ಹೋಗುತ್ತಿದ್ದೆ.
ಇದನ್ನು ಯಾವ ಕೌಂಟರಿನಲ್ಲಿ ಕಟ್ಟಲಿ?

ಕಾಕೋಟುಪರಂಬಿನ ಮೈದಾನದಲ್ಲಿ
ಕೊರಳಿಗೊಂದು ಪದಕ, ಕೈಗೊಂದು ಕಿತ್ತಳೆ.
ಸುಲಿಯಲು ಬೆರಳು ಬಗ್ಗಲಿಲ್ಲ.
ನನಗಿಂತ ಮೊದಲು ಮುಟ್ಟಿದ ಎಪ್ಪತ್ತರ ಅಜ್ಜ ಒಬ್ಬರು
ಆಗಲೇ ಎರಡನೇ ತಟ್ಟೆ ಕಡಂಬುಟ್ಟಿನಲ್ಲಿದ್ದರು.

ಹನ್ನೊಂದು ವರ್ಷ ಇದೇ ರಸ್ತೆಯಲ್ಲಿ
ಟಿಕೆಟ್ ಹರಿದು ಕೊಟ್ಟವಳು ನಾನು.
ಮೇಕೇರಿ, ಹಾಕತ್ತೂರು, ಮೂರ್ನಾಡು, ಬೇತ್ರಿ,
ಕಣ್ಣು ಮುಚ್ಚಿದರೂ ತಿರುವು ಸೊಂಟಕ್ಕೆ ಗೊತ್ತು.
ಆದರೆ ಕಂಬಿಗೆ ಒರಗಿ ಕಂಡ ಏರು
ಏರೇ ಅಲ್ಲವೆಂದು
ಡಿಸೆಂಬರಿನ ಆ ಭಾನುವಾರ ಕಾಲು ಹೇಳಿತು.

ಮಡಿಕೇರಿ ಬಿಡುವಾಗ ಮಂಜು.
ಇಳಿಜಾರು ಕೈ ಹಿಡಿದು ಎಳೆಯಿತು,
ನಾನೂ ಹೋದೆ
ದಂಪತಿ ಮುಹೂರ್ತಕ್ಕೆ ತಡವಾದ ನೆಂಟಳಂತೆ,
ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ, ಒಳಗೊಳಗೇ ನಗುತ್ತ.

ಬೇತ್ರಿ ಸೇತುವೆ ದಾಟಿದ್ದೇ
ಮೀನಖಂಡ ಕಲ್ಲಾಯಿತು.
ತೋಟದ ಬೇಲಿಯಾಚೆ ಕಾಫಿ ಕುಯ್ಯುತ್ತಿದ್ದವಳು
ಚೀಲ ಇಳಿಸಿ ನೋಡಿದಳು.
"ಹಿಂದೆ ಆನೆ ಉಂಟಾ?"
"ಇಲ್ಲ."
"ಮತ್ತೆ ನಿಲ್ಲು ಮಾರಾಯ್ತಿ!"
ನಿಂತೆ.

ಆಗಲೇ ಬರಬೇಕೆ ಐತಪ್ಪನ ಬಸ್ಸು,
ನನ್ನ ಸೀಟಿನಲ್ಲಿ ಬದಲಿ ಕಂಡಕ್ಟರ್.
"ಹತ್ತಕ್ಕಾ, ಸೊನ್ನೆ ಟಿಕೆಟ್ ಕೊಡ್ತೇನೆ."
ಹತ್ತಲಿಲ್ಲ. ಧೈರ್ಯವೇನಲ್ಲ,
ಕಿಟಕಿಯ ಮುಖಗಳೆಲ್ಲ ಪರಿಚಯ, ಅಷ್ಟೆ.
ಬಸ್ಸು ಹೋದ ಮೇಲೆ ಸ್ವಲ್ಪ ಅತ್ತೆ.
ಉಳಿದದ್ದನ್ನು ನಡೆದೆ, ಓಡಿದೆ, ಮತ್ತೆ ನಡೆದೆ.

ಶೂ ಪ್ಲಾಸ್ಟಿಕ್ ಚೀಲ ಸೇರಿ
ಮಳೆ ಕೋಟಿನ ಹಿಂದೆ ಮೊಳೆಗೆ ತೂಗಿತು.
ಪದಕವನ್ನು ಮಗ ಸ್ಕೂಟರಿನ ಕನ್ನಡಿಗೆ ಕಟ್ಟಿದ.
ಎಷ್ಟು ಹೊತ್ತಾಯ್ತು ಓಡಲಿಕ್ಕೆ ಎಂದು ಕೇಳಿದವರಿಗೆ
ಬಸ್ಸಿನ ಸಮಯ ಹೇಳಿ ಜಾರಿಕೊಂಡೆ.

ಜನವರಿಯ ಒಂದು ಬುಧವಾರ, ಮೊದಲ ಟ್ರಿಪ್.
ಹತ್ತಿದವರೆಲ್ಲ ಐನೂರರ ನೋಟು.
ಉದಾರಿಯಾಗಿ ಎಣಿಸಿ ಎಣಿಸಿ ಕೊಟ್ಟೆ,
ಮೇಕೇರಿಗೆ ಬರುವಷ್ಟರಲ್ಲಿ ಚೀಲ ಬರಿದು.
ಮೂರ್ನಾಡಿನಲ್ಲಿ ಹತ್ತಿದ ಮುದುಕನಿಗೆ
ಟಿಕೆಟ್ಟಿನ ಬೆನ್ನಿಗೆ ಬರೆದುಕೊಟ್ಟೆ, "೧೩ ಬಾಕಿ."
ಅವನು ಅದನ್ನು ನೋಡಿದ, ನನ್ನನ್ನು ನೋಡಿದ:
"ಮುಂದಿನವರಿಗೆ ಸ್ವಲ್ಪ ಇಟ್ಟುಕೊಳ್ಳಬೇಕಮ್ಮ,
ರಸ್ತೆ ಇನ್ನೂ ಉಂಟಲ್ಲ."

ಪೆನ್ನು ಹಾಗೇ ಕೈಯಲ್ಲಿ ನಿಂತಿತು.

ಸಂಜೆ ಮನೆಗೆ ಬಂದು ಹುಡುಕಿದೆ,
ಎದೆಗೆ ಚುಚ್ಚಿಕೊಂಡಿದ್ದ ಆ ನಂಬರು,
ಬೆವರಿಗೆ ಸುಕ್ಕಾಗಿ, ಡ್ರಾಯರಿನ ತಳದಲ್ಲಿ.
ತಿರುಗಿಸಿ ಬೆನ್ನಿಗೆ ಬರೆದೆ
ಅದೇ ಪೆನ್ನಿನಲ್ಲಿ, ಅದೇ ಅವಸರದ ಅಕ್ಷರದಲ್ಲಿ:
೨೧ ನಿಮಿಷ ಬಾಕಿ.
ಇಳಿಯುವಾಗ ಕೇಳಿ ಪಡೆಯುವುದು.

ಈಗ ರಜೆಯ ದಿನ ಬೇತ್ರಿಗೆ ಹೋಗುತ್ತೇನೆ.
ಇಳಿಜಾರು ಬೇಡ, ಏರು ಮಾತ್ರ.
ಮೊದಲ ತಿರುವಿಗೆ ಒಂದು ರೂಪಾಯಿಯ ಉಸಿರು,
ಎರಡನೆಯದಕ್ಕೆ ಇನ್ನೊಂದು,
ಜೇಬಿನಲ್ಲಿ ಇನ್ನೂ ಗಲಗಲ ಅನ್ನುತ್ತಿರಬೇಕು ಏನಾದರೂ.
ಕೆಲವು ದಿನ ಅನ್ನುತ್ತದೆ.
ಕೆಲವು ದಿನ ಮೋರಿಕಟ್ಟೆಯ ಮೇಲೆ ಕೂತು
ಜಿಗಣೆ ಕೀಳುತ್ತೇನೆ.

ನಿನ್ನೆ ಹೂಮಳೆ ಬಿದ್ದ ಒಂಬತ್ತನೆಯ ದಿನ,
ತೋಟವೆಲ್ಲ ಬಿಳಿ, ವಾಸನೆಗೆ ತಲೆ ತಿರುಗುವಷ್ಟು.
ಹಿಂದಿನಿಂದ ಅದೇ ಹಾರನ್ನು.
ಐತಪ್ಪ ನಿಧಾನಿಸಿದ, ಬಾಗಿಲು ತೆರೆಯಿತು,
ನನ್ನ ಪಕ್ಕಕ್ಕೇ ಮೆಟ್ಟಿಲು.

ಓಡುತ್ತಲೇ
ಬಸ್ಸಿನ ತಗಡಿಗೆ ಅಂಗೈಯಿಂದ
ಎರಡು ಸಲ ತಟ್ಟಿದೆ.

ಹೋಯಿತು.