ಕಾಲು

ವಾರವಿಡೀ ನನ್ನ ಕೆಲಸ ತಕ್ಕಡಿಗಳನ್ನು ಅನುಮಾನಿಸುವುದು.
ಕರ್ಕಾಡಿಯ ಮೀನಂಗಡಿ, ಮಾಂಸದಂಗಡಿ, ಪೆಟ್ರೋಲ್ ಬಂಕು
ಹಿತ್ತಾಳೆ ಬಟ್ಟುಗಳ ಪೆಟ್ಟಿಗೆ ಹಿಡಿದು ಒಳಗೆ ಹೋದರೆ
ಟೀ ಕುಡೀರಿ ಅನ್ನುವವರಿಲ್ಲ.
ಗುಲಗಂಜಿಯಷ್ಟೂ ಆಚೀಚೆ ಆಗಬಾರದು, ಅಷ್ಟೇ.

ಶನಿವಾರ ಮಾತ್ರ ಐಸ್ ರಿಂಕಿನ ಅಂಚಿಗೆ
ಕಂಬಳಿ ಹೊದ್ದು ಕೂತ ಮೂವರು ತೀರ್ಪುಗಾರರಲ್ಲಿ
ನಾನೂ ಒಬ್ಬಳು. ಸಂಬಳವಿಲ್ಲ.
ಒಂದು ಸ್ಯಾಂಡ್‌ವಿಚ್, ಸ್ವಲ್ಪ ಬೈಗುಳ.

ಐಲ್ಸಾ ರೆನ್ನಿ ಹಾರಿದಳು.
ಎರಡೂವರೆ ಸುತ್ತು, ಪೂರ್ತಿ, ಗಾಳಿಯಲ್ಲೇ.
ತಾಂತ್ರಿಕ ಮೇಜಿನವರು ಚಿತ್ರವನ್ನು ನಿಧಾನಿಸಿ
ಬ್ಲೇಡು ಐಸು ಮುಟ್ಟಿದ ಗಳಿಗೆ ಹುಡುಕಿದರು:
ತಪ್ಪಿಲ್ಲ. ಅಲ್ಲಿ ಅನುಮಾನಕ್ಕೊಂದು ಕ್ಯಾಮೆರಾ ಇದೆ.
ಕಾಲು ಸುತ್ತು ಕಡಿಮೆ ಬಿದ್ದರೆ
ಕಾಲೇ ಹೇಳಿಬಿಡುತ್ತದೆ.
ಹಾರುವ ಮುಂಚೆ ಅವಳು ಎಣಿಸುತ್ತಿದ್ದಳು, ತುಟಿ ಕಾಣುತ್ತಿತ್ತು.
ಎಣಿಸಿದರೇನು?
ಹತ್ತು ವರ್ಷ ಬಿದ್ದು ಎದ್ದ ಲೆಕ್ಕ ಅದು.

ಆಮೇಲೆ ಊನಾ ಕಿನ್‌ಲಾಕ್.
ಜಿಗಿತಗಳು ಸಣ್ಣವು, ಗುಬ್ಬಿ ಕುಪ್ಪಳಿಸಿದ ಹಾಗೆ.
ಆದರೆ ಮೂಲೆ ತಿರುಗುವಾಗ
ಒಂದೇ ಅಂಚಿನ ಮೇಲೆ ಮೈ ಚೆಲ್ಲಿ
ರಾಗ ತನ್ನ ಹತ್ತಿರ ಬರಲಿ ಎಂದು ಕಾದಳು.
ಬಂತು. ಚೆಲ್ಲೋ ಒಂದು ಸ್ವರವನ್ನು ಎಳೆಯಿತು,
ನನ್ನ ಬೆರಳು ಕೀಲಿಯ ಮೇಲೆ ನಿಂತೇ ಹೋಯಿತು.
ಎಂಟು ಸೆಕೆಂಡು ಇರಬಹುದು.
ಆ ಎಂಟು ಸೆಕೆಂಡಿಗೆ ನಮ್ಮ ನಮೂನೆಯಲ್ಲಿ ಅಂಕಣವಿಲ್ಲ.

ಆಗ ಹೊಳೆಯಿತು: ಇದು ಅಮ್ಮನ ರಾಗ.
ರಾತ್ರಿಪಾಳಿ ಮುಗಿಸಿ ಬಂದು
ನರ್ಸಿನ ಅಂಗಿಗೆ ಇಸ್ತ್ರಿ ಎಳೆಯುತ್ತ
ಹೀಗೆಯೇ, ಮೇಲಕ್ಕೇರುವ ಮುನ್ನ ಒಂದು ಸಲ ತಡೆದು
ಗುನುಗುತ್ತಿದ್ದಳು.
ನಾನು ಕರಗಿದ್ದು ಈ ಹುಡುಗಿಗೋ
ಆ ಇಸ್ತ್ರಿಯ ಬಿಸಿಗೋ?
ಊರವರ ತಕ್ಕಡಿ ತಿದ್ದುವವಳ ತಕ್ಕಡಿಯಲ್ಲೇ ಪಾಸಂಗ!

ಆರು ಒತ್ತಬೇಕಿದ್ದ ಬೆರಳು
ಐದೂ ಮುಕ್ಕಾಲು ಒತ್ತಿತು.
ಕಾಲು ಅಂಕ, ಅಮ್ಮನ ಲೆಕ್ಕದಲ್ಲಿ ಕಳೆದೆ.
ನ್ಯಾಯ ಅಂದುಕೊಂಡೆ.

ಊನಾ ಸೋತದ್ದು ಸೊನ್ನೆ ಪಾಯಿಂಟ್ ಸೊನ್ನೆ ಒಂಬತ್ತರಿಂದ.
ಕಾರಿಡಾರಿನಲ್ಲಿ ಸ್ಕೇಟು ಬಿಚ್ಚಿ ಅಂಗಾಲು ತಿಕ್ಕುತ್ತಿದ್ದವಳು
ನನ್ನನ್ನು ನೋಡಿ ಥ್ಯಾಂಕ್ಯೂ ಎಂದಳು, ರೂಢಿಯಿಂದ.
ಅವಳಪ್ಪ ತಲೆ ಎತ್ತದೆ
ಆಗಲೇ ಒಣಗಿದ್ದ ಬ್ಲೇಡನ್ನು ಒರೆಸುತ್ತಲೇ ಇದ್ದ.

ರಾತ್ರಿ ಬಿಲ್ಲಿನ ಹಿಂಬದಿಯಲ್ಲಿ ಕೂಡಿ, ಗುಣಿಸಿ, ಮೂರರಿಂದ ಭಾಗಿಸಿದೆ.
ನಾನು ಕಳೆದದ್ದು ಇದ್ದಿದ್ದರೆ ದಾಟುತ್ತಿದ್ದಳು.
ನನ್ನ ಅಮ್ಮನನ್ನು ಆ ಮಗು ಕಂಡಿಲ್ಲ, ನಿಜ.
ಆದರೆ ಸತ್ತವಳ ಗುನುಗು ಮತ್ತೆ ಕೇಳಿಸುವ ಹಾಗೆ
ತಿರುಗಿದ್ದು ಯಾರ ಕಾಲು?

ಸೋಮವಾರ, ಮ್ಯಾಕಿಂಡೋ ಮಾಂಸದಂಗಡಿ.
ಬರಿದಾದ ತಟ್ಟೆ ನಾಲ್ಕು ಗ್ರಾಂ ತೋರಿಸುತ್ತಿತ್ತು.
ಸಮುದ್ರದ ಗಾಳಿ ಕಣಮ್ಮ, ಎಂದ ಮುದುಕ.
ಬಾಗಿಲು ಹಾಕಿದೆವು.
ಉಸಿರು ಬಿಗಿಹಿಡಿದು ಇಬ್ಬರೂ ಬಗ್ಗಿ ನಿಂತೆವು.
ಮೂರು.
ಎರಡು.
ಮತ್ತೆ ಮೂರು.